ತೂಕ ಇಳಿದದ್ದು ಎಲ್ಲಿಂದ? ಕಚೇರಿ ಕೆಲಸಕ್ಕೆ ಹಗುರ ಲ್ಯಾಪ್‌ಟಾಪ್ ಆರಿಸುವ ಬಗೆ

ಹೈಕೋರ್ಟಿನ ಧಾರವಾಡ ಪೀಠಕ್ಕೆ ಹುಬ್ಬಳ್ಳಿಯಿಂದ ನಿತ್ಯ ಓಡಾಡುವ ವಕೀಲರು, ಮಾರ್ಚ್ ಬಂತೆಂದರೆ ಗದಗ-ಬೆಟಗೇರಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಲೆಕ್ಕಪತ್ರ ನೋಡುವ ಆಡಿಟರ್ ಕಚೇರಿಯ ನೌಕರರು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಲ್ಲಿ ಬಿಲ್ಲು ಮಾಡುವ ಗುಮಾಸ್ತರು, ಇವರೆಲ್ಲರಿಗೂ ಹಗುರವಾದ ಲ್ಯಾಪ್‌ಟಾಪ್ ಬೇಕೆನಿಸುವುದು ಸಹಜ. ದಿನವಿಡೀ ಹೆಗಲಿಗೆ ತೂಗುಬಿದ್ದ ಅರ್ಧ ಕಿಲೋ ಸಂಜೆಯ ಹೊತ್ತಿಗೆ ಸಣ್ಣ ಭಾರವಾಗಿ ಉಳಿಯುವುದಿಲ್ಲ. ಆದರೆ ಲ್ಯಾಪ್‌ಟಾಪಿನ ತೂಕ ತಾನಾಗಿ ಇಳಿಯುವುದಿಲ್ಲ. ಕಡಿಮೆಯಾದ ಪ್ರತಿಯೊಂದು ಗ್ರಾಮನ್ನೂ ತಯಾರಕರು ಯಾವುದೋ ಭಾಗದಿಂದ ತೆಗೆದಿರುತ್ತಾರೆ, ಇಲ್ಲವೇ ಹೆಚ್ಚು ಬೆಲೆಯ ಲೋಹ ಬಳಸಿ ಉಳಿಸಿರುತ್ತಾರೆ. ಆದ್ದರಿಂದ ಎಷ್ಟು ಹಗುರ ಎಂಬುದರ ಜೊತೆಗೆ, ಯಾವುದನ್ನು ತೆಗೆದು ಹಗುರ ಮಾಡಿದ್ದಾರೆ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಅರ್ಧ ಗೊಂದಲ ತಾನೇ ಕರಗುತ್ತದೆ.

ಮೊದಲು ತೂಕವನ್ನೇ ಸರಿಯಾಗಿ ಅಳೆಯೋಣ. ಜಾಹೀರಾತಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಆ ಮಾದರಿಯ ಅತಿ ಹಗುರ ಆವೃತ್ತಿಯದು, ಅಂದರೆ ಸಣ್ಣ ಬ್ಯಾಟರಿ ಹಾಕಿದ, ಟಚ್ ಸೌಲಭ್ಯವಿಲ್ಲದ ಪರದೆಯದು. ನಾವು ಕೊಳ್ಳುವ ಆವೃತ್ತಿ ಅದಕ್ಕಿಂತ ನೂರು ಗ್ರಾಂ ಹೆಚ್ಚಿದ್ದರೆ ಅಚ್ಚರಿಯಿಲ್ಲ. ಜೊತೆಗೆ 65 ವಾಟ್‌ನ ಚಾರ್ಜರು ಮತ್ತು ಅದರ ತಂತಿ ಮಾದರಿಗೆ ತಕ್ಕಂತೆ 200ರಿಂದ 350 ಗ್ರಾಂ ತೂಗುತ್ತವೆ. ಒಂದು ಕಿಲೋ ಲ್ಯಾಪ್‌ಟಾಪು, ಮುನ್ನೂರು ಗ್ರಾಂ ಚಾರ್ಜರು ಮತ್ತು ಪೋರ್ಟುಗಳ ಕೊರತೆ ತುಂಬುವ ಅಡಾಪ್ಟರು, ಈ ಮೂರನ್ನು ಒಟ್ಟು ಸೇರಿಸಿ ತೂಗಿದರೆ, ದೊಡ್ಡ ಬ್ಯಾಟರಿಯಿದ್ದು ಚಾರ್ಜರನ್ನು ಮನೆಯಲ್ಲೇ ಬಿಟ್ಟುಬರಬಹುದಾದ 1.3 ಕಿಲೋ ಯಂತ್ರಕ್ಕಿಂತ ಹೆಚ್ಚೇ ಆದೀತು. ಹೀಗಾಗಿ ಹೋಲಿಸಬೇಕಾದದ್ದು ಚೀಲದ ಒಟ್ಟು ತೂಕವನ್ನು.

ತೂಕ ಉಳಿಸುವ ನ್ಯಾಯವಾದ ಮಾರ್ಗ ಹೊರಕವಚದ ಲೋಹ. ಅಲ್ಯೂಮಿನಿಯಮ್ಮಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಮೆಗ್ನೀಸಿಯಂ ಮಿಶ್ರಲೋಹದ್ದು ಸುಮಾರು 1.8 ಗ್ರಾಂ. ಅಂದರೆ ಅದೇ ಗಾತ್ರದ ಕವಚ ಮೂರನೆಯ ಒಂದು ಭಾಗದಷ್ಟು ಹಗುರವಾಗುತ್ತದೆ. ಕಾರ್ಬನ್ ಫೈಬರ್ ಇನ್ನೂ ಹಗುರ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ 2012ರಿಂದ ಈ ದಾರಿ ಹಿಡಿದು, ಹದಿಮೂರನೆಯ ಪೀಳಿಗೆಯಲ್ಲಿ ಒಂದು ಕಿಲೋಗಿಂತ ಕೆಳಗಿಳಿದಿದೆ. ಇಲ್ಲಿ ಉಳಿದ ತೂಕಕ್ಕೆ ನಾವು ಹಣ ಕೊಡುತ್ತೇವೆ, ಬೇರೇನನ್ನೂ ಕಳೆದುಕೊಳ್ಳುವುದಿಲ್ಲ. ಮೆಗ್ನೀಸಿಯಂ ಕವಚವನ್ನು ಮುಟ್ಟಿದಾಗ ಪ್ಲಾಸ್ಟಿಕ್ಕಿನಂತೆ ಅನಿಸುತ್ತದೆಂದು ಅದನ್ನು ಕಳಪೆಯೆಂದು ತಿಳಿಯುವವರು ಬಹಳ ಮಂದಿ. ಅದು ತಪ್ಪು ತೀರ್ಮಾನ.

ಎರಡನೆಯ ಮಾರ್ಗ ಬ್ಯಾಟರಿಯನ್ನು ಸಣ್ಣದು ಮಾಡುವುದು, ಮತ್ತು ಇದು ನಮಗೆ ಹೆಚ್ಚು ನಷ್ಟದ್ದು. ಲಿಥಿಯಂ ಅಯಾನ್ ಕೋಶಗಳು ಒಂದು ಕಿಲೋ ತೂಕಕ್ಕೆ ಸುಮಾರು 200ರಿಂದ 250 ವಾಟ್-ಅವರ್ ಶಕ್ತಿ ಹಿಡಿದಿಡುತ್ತವೆ. 57 ವಾಟ್-ಅವರ್ ಬ್ಯಾಟರಿಯ ಬದಲು 41 ವಾಟ್-ಅವರಿನದನ್ನು ಹಾಕಿದರೆ ಉಳಿಯುವುದು 60ರಿಂದ 80 ಗ್ರಾಂ ಮಾತ್ರ. ಹೋಗುವುದು ಕಾಲುಭಾಗಕ್ಕೂ ಹೆಚ್ಚು ಹೊತ್ತಿನ ಕೆಲಸ. "18 ಗಂಟೆ ಬಾಳಿಕೆ" ಎಂಬ ಘೋಷಣೆಯನ್ನು ಬದಿಗಿಟ್ಟು, ವಿವರಪಟ್ಟಿಯಲ್ಲಿ ವಾಟ್-ಅವರ್ ಎಷ್ಟೆಂದು ಹುಡುಕಿ, ತಾವೇ ಭಾಗಿಸಿ ನೋಡುವುದು ಒಳ್ಳೆಯದು. ಬರೆಯುವುದು, ಓದುವುದು, ಎಕ್ಸೆಲ್ ನೋಡುವುದು ಇಂಥ ಕೆಲಸಕ್ಕೆ ಮಿತವಾದ ಬೆಳಕಿನಲ್ಲಿ ಆಧುನಿಕ ಯಂತ್ರವೊಂದು ಸರಾಸರಿ 6ರಿಂದ 8 ವಾಟ್ ಎಳೆಯುತ್ತದೆಂದು ಹಿಡಿದರೆ, 57 ವಾಟ್-ಅವರ್ ಬ್ಯಾಟರಿ ಏಳರಿಂದ ಒಂಬತ್ತು ಗಂಟೆ ಬರುತ್ತದೆ. ವಿಡಿಯೊ ಕರೆಯಲ್ಲಿ ಕೂತರೆ ಬಳಕೆ 12–15 ವಾಟ್‌ಗೆ ಏರಿ, ಅದೇ ಬ್ಯಾಟರಿ ನಾಲ್ಕು ಗಂಟೆಯ ಸುಮಾರಿಗೆ ಮುಗಿಯುತ್ತದೆ. ಎರಡು ಮೂರು ವರ್ಷ ಬಳಸಿದ ಮೇಲೆ ಸಾಮರ್ಥ್ಯದಲ್ಲಿ ಐದನೆಯ ಒಂದು ಭಾಗ ಕುಗ್ಗಿರುತ್ತದೆಂದು ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿ. ಆಗಲೂ ನಿಮ್ಮ ದಿನಕ್ಕೆ ಸಾಕಾಗುವಷ್ಟು ಉಳಿಯುತ್ತದೆಯೇ ಎಂಬುದೇ ಮುಖ್ಯ.

ಇದರಲ್ಲಿ ಅವರವರ ಓಡಾಟಕ್ಕೆ ತಕ್ಕ ವ್ಯತ್ಯಾಸವೂ ಇದೆ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲಿನಲ್ಲಿ ಆಸನದ ಬಳಿಯೇ ಚಾರ್ಜಿಂಗ್ ಸಾಕೆಟ್ ಇರುವುದರಿಂದ, ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗಿಬರುವ ವ್ಯಾಪಾರಿಗೆ ಸಣ್ಣ ಬ್ಯಾಟರಿ ನಡೆದೀತು. ಕೋರ್ಟಿನ ವರಾಂಡದಲ್ಲೋ ಎಪಿಎಂಸಿ ಅಂಗಳದಲ್ಲೋ ದಿನ ಕಳೆಯುವವರಿಗೆ ಅದು ನಡೆಯದು. ಹೆಸ್ಕಾಂನ ವಿದ್ಯುತ್ ಕೈಕೊಟ್ಟ ಮಧ್ಯಾಹ್ನಗಳಲ್ಲಿ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತದೆ ನಿಜ, ಆದರೆ ವೈ-ಫೈ ರೌಟರು ನಿಂತುಹೋಗುತ್ತದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಖರ್ಚನ್ನೂ ಇದೇ ಆಯವ್ಯಯದಲ್ಲಿ ಸೇರಿಸಿಕೊಳ್ಳಬೇಕು. ಹೆಚ್ಚಿನ ಹೊತ್ತು ಮೇಜಿನ ಮೇಲೆ ಚಾರ್ಜಿಗೆ ಹಾಕಿಯೇ ಬಳಸುವವರು ಚಾರ್ಜನ್ನು ಶೇಕಡ 80ಕ್ಕೆ ನಿಲ್ಲಿಸುವ ಸೌಲಭ್ಯ ಇದೆಯೇ ಎಂದು ನೋಡಬೇಕು. ಬಿಸಿಲು ನಾಡಿನ ಸೆಕೆ ಮತ್ತು ಸದಾ ತುಂಬಿದ ಚಾರ್ಜು ಎರಡೂ ಸೇರಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಮೂರನೆಯದು ಶಾಖದ ವಿಷಯ. ತೆಳು ಯಂತ್ರವೆಂದರೆ ಸಣ್ಣ ಫ್ಯಾನು, ಕಿರಿದಾದ ತಾಮ್ರದ ಕೊಳವೆ, ಕಡಿಮೆ ಗಾಳಿ. ಪ್ರೊಸೆಸರಿನ ವಿವರದಲ್ಲಿ 15 ವಾಟ್, 28 ವಾಟ್ ಎಂದು ಬರೆದಿರುವುದು ಅದು ದೀರ್ಘಕಾಲ ದುಡಿಯುವಾಗ ಎಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆಂಬುದರ ಅಂದಾಜು. ಕ್ಷಣಕಾಲ ಅದು ಇದರ ಎರಡು ಮೂರು ಪಟ್ಟು ಎಳೆಯಬಲ್ಲದು. ಅಂಗಡಿಯಲ್ಲಿ ಐದು ನಿಮಿಷ ನೋಡಿದಾಗ ನಮಗೆ ಕಾಣುವುದು ಆ ಕ್ಷಣಕಾಲದ ವೇಗ. ಅರ್ಧ ಗಂಟೆ ಎಡೆಬಿಡದೆ ದುಡಿಸಿದಾಗ ಒಳಗಿನ ಉಷ್ಣತೆ 100 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ, ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಶಾಖ ಹೊರಹೋಗುವುದು ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ವಿಮರ್ಶಕರು 22 ಡಿಗ್ರಿಯ ಎಸಿ ಕೋಣೆಯಲ್ಲಿ ಅಳೆದ ವೇಗ, ಏಪ್ರಿಲ್‌ನ ಗದಗಿನಲ್ಲಿ 38 ಡಿಗ್ರಿಯ ಕೋಣೆಯೊಳಗೆ ಹಾಗೆಯೇ ಸಿಗುವುದು ಕಷ್ಟ. 16 ಡಿಗ್ರಿಯಷ್ಟು ಅವಕಾಶವನ್ನು ಹವೆಯೇ ನುಂಗಿಬಿಟ್ಟಿರುತ್ತದೆ. ಆದುದರಿಂದ ನಮ್ಮ ಕಡೆ ಅತಿ ತೆಳು ಕವಚದಲ್ಲಿ ದೊಡ್ಡ ಪ್ರೊಸೆಸರ್ ಹಾಕಿದ ಯಂತ್ರಕ್ಕಿಂತ, ಸ್ವಲ್ಪ ದಪ್ಪನೆಯ ಕವಚದಲ್ಲಿ 15 ವಾಟ್‌ನ ಪ್ರೊಸೆಸರ್ ಇರುವ ಯಂತ್ರವೇ ಮೇಲೆಂದು ನನ್ನ ಅಭಿಪ್ರಾಯ.

ಧೂಳಿನ ಮಾತೂ ಇಲ್ಲೇ ಬರಬೇಕು. ಬಹುತೇಕ ತೆಳು ಲ್ಯಾಪ್‌ಟಾಪುಗಳು ಗಾಳಿಯನ್ನು ಅಡಿಯಿಂದ ಎಳೆದುಕೊಳ್ಳುತ್ತವೆ. ಬ್ಯಾಡಗಿಯ ಮಾರುಕಟ್ಟೆಯ ಮೆಣಸಿನ ಪುಡಿಯಾಗಲಿ, ಹತ್ತಿ ಜಿನ್ನಿನ ನಾರಾಗಲಿ, ಗೋಕುಲ ರಸ್ತೆಯ ಕಾರ್ಖಾನೆ ಧೂಳಾಗಲಿ ಒಂದು ವರ್ಷದಲ್ಲಿ, ಒಳಗೆ ಶಾಖ ಹೊರಹಾಕುವ ಕಿರಿದಾದ ಲೋಹದ ರೆಕ್ಕೆಗಳ ಸಂದನ್ನು ಮುಚ್ಚಬಲ್ಲವು. ಅಡಿಯ ಮುಚ್ಚಳವು ಸಾಮಾನ್ಯ ಸ್ಕ್ರೂಗಳಿಂದ ಬಿಚ್ಚುವಂತಿದೆಯೇ, ಫ್ಯಾನನ್ನು ಬೇರೆಯಾಗಿ ತೆಗೆದು ಶುಚಿ ಮಾಡಬಹುದೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಕಚೇರಿ ಬಳಕೆಯ ಸರಣಿಗಳಿಗೆ ತಯಾರಕರು ಬಿಚ್ಚುವ ವಿಧಾನದ ಕೈಪಿಡಿಯನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ಅದನ್ನು ತೆರೆದು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಪ್ರೊಸೆಸರುಗಳ ಹೆಸರು ಗ್ರಾಹಕನ ದಾರಿ ತಪ್ಪಿಸುವಷ್ಟು ಜಟಿಲವಾಗಿದೆ. ಎಎಂಡಿಯ 7000 ಸರಣಿಯಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ವರ್ಷವನ್ನು ಸೂಚಿಸಿದರೆ, ಒಳಗಿನ ವಿನ್ಯಾಸ ಎಷ್ಟು ಹಳೆಯದೆಂದು ಹೇಳುವುದು ಮೂರನೆಯ ಅಂಕಿ. ರೈಜನ್ 5 7520ಯು ಒಳಗಿರುವುದು ಜೆನ್ 2 ಎಂಬ ಹಳೆಯ ವಿನ್ಯಾಸ, 7530ಯು ಒಳಗಿರುವುದು ಜೆನ್ 3, 7540ಯು ಒಳಗಿರುವುದು ಜೆನ್ 4. ಮೂರೂ ಒಂದೇ ಪೀಳಿಗೆಯವು ಎಂಬಂತೆ ಕಪಾಟಿನಲ್ಲಿ ಪಕ್ಕಪಕ್ಕ ಇರುತ್ತವೆ. ಇಂಟೆಲ್‌ನಲ್ಲಿ ಕೋರ್ ಅಲ್ಟ್ರಾ 5 125ಯು ಹೊಸ ವಿನ್ಯಾಸ. "ಅಲ್ಟ್ರಾ" ಇಲ್ಲದ ಕೋರ್ 5 120ಯು ಅದಕ್ಕೂ ಹಿಂದಿನ ಪೀಳಿಗೆಯ ಪರಿಷ್ಕೃತ ರೂಪ. ಹಳೆಯದೆಂದ ಮಾತ್ರಕ್ಕೆ ತಿರಸ್ಕರಿಸಬೇಕಿಲ್ಲ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಮೂರಕ್ಕೆ 7530ಯು ಧಾರಾಳ ಸಾಕು. ಹಳೆಯದಕ್ಕೆ ಹೊಸದರ ಬೆಲೆ ಕೊಡಬಾರದು, ಅಷ್ಟೇ.

ನಾಲ್ಕನೆಯದಾಗಿ ತೆಗೆದುಹಾಕುವ ಭಾಗ ಮೆಮೊರಿ ಸ್ಲಾಟು. ಹಗುರ ಯಂತ್ರಗಳಲ್ಲಿ ರ್‍ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇಂಟೆಲ್ 2024ರಲ್ಲಿ ತಂದ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಅದು ಪ್ರೊಸೆಸರಿನ ಜೊತೆಗೇ ಕೂತಿದೆ. 16 ಅಥವಾ 32 ಜಿಬಿ, ಮುಂದೆ ಬದಲಾಯಿಸುವ ಪ್ರಶ್ನೆಯೇ ಇಲ್ಲ. ಇದರಿಂದ ವಿದ್ಯುತ್ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಆದರೆ ಕೊಳ್ಳುವ ದಿನವೇ ಐದು ವರ್ಷದ ಅಗತ್ಯವನ್ನು ತೀರ್ಮಾನಿಸಬೇಕಾಗುತ್ತದೆ. ಬೆಸುಗೆಯಾದ 8 ಜಿಬಿ ಇರುವ ಯಂತ್ರವನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕಚೇರಿ ಕೆಲಸಕ್ಕೆ ಕೊಳ್ಳಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. 16 ಜಿಬಿಯೇ ಕನಿಷ್ಠ. ಥಿಂಕ್‌ಪ್ಯಾಡ್ ಟಿ14ರ ಐದನೆಯ ಪೀಳಿಗೆಯಂಥವು ಎಕ್ಸ್1 ಕಾರ್ಬನ್‌ಗಿಂತ ಭಾರವಿದ್ದರೂ ಎರಡು ಸ್ಲಾಟು ಇಟ್ಟುಕೊಂಡಿವೆ; ಇಂದು 16 ಹಾಕಿಸಿ ನಾಳೆ 32 ಮಾಡಿಕೊಳ್ಳಬಹುದು. ಎಸ್‌ಎಸ್‌ಡಿ ಮಾತ್ರ ಹೆಚ್ಚಿನ ವಿಂಡೋಸ್ ಕಚೇರಿ ಲ್ಯಾಪ್‌ಟಾಪುಗಳಲ್ಲಿ ಬದಲಿಸುವಂತೆಯೇ ಇರುತ್ತದೆ, ಆದ್ದರಿಂದ ಅದರ ಗಾತ್ರದ ಬಗ್ಗೆ ಮೊದಲ ದಿನವೇ ತಲೆಕೆಡಿಸಿಕೊಳ್ಳಬೇಕಿಲ್ಲ.

ಈಗ ಹಗುರ ಯಂತ್ರಗಳ ಹೊಸ ವರ್ಗವೊಂದರ ಬಗ್ಗೆ ಎಚ್ಚರಿಕೆ. 2024ರ ಮಧ್ಯದಿಂದ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರಾಗನ್ ಎಕ್ಸ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳು ಬಂದಿವೆ. ಬ್ಯಾಟರಿ ಬಾಳಿಕೆಯಲ್ಲಿ ಅವು ನಿಜಕ್ಕೂ ಉತ್ತಮ. ಅವು ಇಂಟೆಲ್‌ನದಕ್ಕಿಂತ ಬೇರೆಯಾದ ಆರ್ಮ್ ವಿನ್ಯಾಸದವಾದ್ದರಿಂದ, ಇಂಟೆಲ್‌ಗೆಂದು ಬರೆದ ಸಾಮಾನ್ಯ ತಂತ್ರಾಂಶವನ್ನು ವಿಂಡೋಸ್ ಒಳಗೊಳಗೇ ಅನುವಾದಿಸಿ ನಡೆಸುತ್ತದೆ. ಆದರೆ ಈ ಅನುವಾದ, ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರುಗಳಿಗೆ ಅನ್ವಯಿಸುವುದಿಲ್ಲ; ಪ್ರತಿಯೊಂದು ಸಾಧನಕ್ಕೂ ಆರ್ಮ್‌ಗೆಂದೇ ತಯಾರಿಸಿದ ಡ್ರೈವರ್ ಬೇಕು. ಜಿಎಸ್‌ಟಿ ಮತ್ತು ಆದಾಯ ತೆರಿಗೆ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ದಲಾಲಿ ಅಂಗಡಿಯ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಬೆರಳಚ್ಚು ಓದುವ ಸಾಧನ, ಲಾರಿ ತೂಗುವ ವೇಬ್ರಿಜ್ಜಿಗೆ ಜೋಡಿಸಿದ ತಂತ್ರಾಂಶ ಇವೆಲ್ಲ ಇಲ್ಲಿ ಎಡವಬಹುದಾದ ಜಾಗಗಳು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದಲ್ಲಿ ವರ್ಷಗಟ್ಟಲೆ ಕಡತ ಮಾಡಿಟ್ಟವರು ತಮ್ಮಲ್ಲಿರುವ ಆವೃತ್ತಿ ಅಲ್ಲಿ ನಡೆಯುತ್ತದೆಯೇ ಎಂದು ನೋಡದೆ ಹಣ ಕಟ್ಟಬಾರದು. ಟೋಕನ್ನು ಮತ್ತು ಪ್ರಿಂಟರಿನ ಮಾದರಿ ಸಂಖ್ಯೆ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. 13 ಇಂಚಿನ ಮ್ಯಾಕ್‌ಬುಕ್ ಏರ್ ಕೂಡ ಸುಮಾರು 1.24 ಕಿಲೋ ತೂಗುವ ಸೊಗಸಾದ ಯಂತ್ರವೇ, ಆದರೆ ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ಲೆಕ್ಕಪತ್ರದವರಿಗೆ ಅಲ್ಲಿಗೇ ಉತ್ತರ ಸಿಗುತ್ತದೆ.

ಪೋರ್ಟು, ಪರದೆ, ಕೀಬೋರ್ಡುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟೋಕನ್ನು ಮತ್ತು ಪೆನ್‌ಡ್ರೈವ್‌ಗೆ ಅಗಲದ ಯುಎಸ್‌ಬಿ ಪೋರ್ಟು ಕನಿಷ್ಠ ಒಂದು, ಪ್ರೊಜೆಕ್ಟರಿಗೆ ಎಚ್‌ಡಿಎಂಐ ಒಂದು ಇರಲಿ. ಚಾರ್ಜು ಟೈಪ್-ಸಿ ಮೂಲಕ ಆಗುವಂತಿದ್ದರೆ ಬೇರೆ ಕಂಪನಿಯ 65 ವಾಟ್ ಚಾರ್ಜರೂ ತುರ್ತಿಗೆ ಆಗುತ್ತದೆ. ಕಿಟಕಿಯ ಬೆಳಕಿನಲ್ಲಿ ಕೂರುವವರಿಗೆ ಹೊಳಪಿಲ್ಲದ (ಮ್ಯಾಟ್), 400 ನಿಟ್ಸ್ (ಪರದೆಯ ಬೆಳಕಿನ ಅಳತೆ) ಪರದೆ ಬೇಕು. 250 ನಿಟ್ಸ್‌ನದು ಮಬ್ಬು. ವಿವರಪಟ್ಟಿಯಲ್ಲಿ "ಶೇಕಡ 45 ಎನ್‌ಟಿಎಸ್‌ಸಿ" ಎಂದಿದ್ದರೆ ಅದು ಬಣ್ಣ ಸೊರಗಿದ ಪರದೆ. ದಾವೆಯ ಕರಡು ಬರೆಯಲು ಅದು ತೊಂದರೆಯಲ್ಲ, ಆದರೆ ಮುದ್ರಣಕ್ಕೆ ಹೆಸರಾದ ಗದಗದಲ್ಲಿ ಲಗ್ನಪತ್ರಿಕೆಯ ಬಣ್ಣ ನೋಡಿ ಒಪ್ಪಿಗೆ ಕೊಡಬೇಕಾದವರಿಗೆ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ಮಾನದಂಡವನ್ನು ಶೇಕಡ 100 ತೋರಬಲ್ಲ ಪರದೆಯೇ ಆಗಬೇಕು. "ಮಿಲಿಟರಿ ದರ್ಜೆ" ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮಿಲ್-ಎಸ್‌ಟಿಡಿ-810ಎಚ್ ಎಂಬುದು ಪರೀಕ್ಷಾ ವಿಧಾನಗಳ ಒಂದು ಕಟ್ಟು. ಅದರಲ್ಲಿ ಯಾವ ಪರೀಕ್ಷೆಗಳನ್ನು ನಡೆಸಬೇಕೆಂದು ಆರಿಸಿಕೊಳ್ಳುವವರು ತಯಾರಕರೇ, ಪ್ರಮಾಣಪತ್ರ ಕೊಡುವ ಸೇನಾ ಕಚೇರಿ ಎಂದೇನೂ ಇಲ್ಲ.

ಇಷ್ಟೆಲ್ಲ ಅಳೆದ ಮೇಲೆ ಆಯ್ಕೆಯನ್ನು ನಿಜವಾಗಿ ನಿರ್ಧರಿಸಬೇಕಾದದ್ದು ಸರ್ವಿಸ್. ಹಗುರ ಯಂತ್ರದಲ್ಲಿ ಭಾಗಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಸಣ್ಣ ದೋಷಕ್ಕೂ ದೊಡ್ಡ ಭಾಗವನ್ನೇ ಬದಲಿಸಬೇಕಾಗುತ್ತದೆ. ಬೆಸುಗೆಯಾದ ರ್‍ಯಾಮ್ ಕೆಟ್ಟರೆ ಇಡೀ ಮದರ್‌ಬೋರ್ಡ್ ಹೋಗುತ್ತದೆ. ಬೀದಿಯ ರಿಪೇರಿ ಅಂಗಡಿಯಲ್ಲಿ ಇದಕ್ಕೆ ಪರಿಹಾರ ಸಿಗುವುದು ಅಪರೂಪ. ಥಿಂಕ್‌ಪ್ಯಾಡ್, ಈಗ ಡೆಲ್ ಪ್ರೊ ಎಂದು ಹೆಸರು ಬದಲಿಸಿಕೊಂಡಿರುವ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್, ಏಸಸ್‌ನ ಎಕ್ಸ್‌ಪರ್ಟ್‌ಬುಕ್ ಇಂಥ ಕಚೇರಿ ಸರಣಿಗಳಿಗೆ ಹೆಚ್ಚು ಬೆಲೆ ಕೊಡುವುದಕ್ಕೆ ಬಲವಾದ ಕಾರಣ ಇದೇ: ತಂತ್ರಜ್ಞರು ನಮ್ಮ ಸ್ಥಳಕ್ಕೇ ಬಂದು ಸರಿಪಡಿಸುವ ಆನ್‌ಸೈಟ್ ವಾರಂಟಿ ಅವುಗಳಿಗೆ ದೊರೆಯುತ್ತದೆ, ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಲೂಬಹುದು. ಆದರೆ "ಮರುದಿನವೇ ಬರುತ್ತೇವೆ" ಎಂಬ ವಾರಂಟಿಯ ಮಾತು ಬೆಂಗಳೂರಿಗೆ ಅನ್ವಯಿಸಿದಷ್ಟೇ ರಾಣೇಬೆನ್ನೂರಿಗೂ ಅನ್ವಯಿಸುತ್ತದೆಂದು ಊಹಿಸಿಕೊಳ್ಳಬಾರದು. ನಿಮ್ಮ ಪಿನ್ ಕೋಡ್ ಹೇಳಿ, ಅಲ್ಲಿಗೆ ತಂತ್ರಜ್ಞರು ಬರುತ್ತಾರೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ತಲುಪುತ್ತದೆ ಎಂದು ಲಿಖಿತವಾಗಿ ಉತ್ತರ ಪಡೆಯಿರಿ. ಯಂತ್ರವನ್ನು ಹೊತ್ತೊಯ್ದು ಕೊಡಬೇಕಾದ ವಾರಂಟಿಯಾದರೆ, ಗದಗದವರಿಗೆ ಹುಬ್ಬಳ್ಳಿಯ ಸುಮಾರು 60 ಕಿಲೋಮೀಟರ್ ದಾರಿ ಎರಡು ಸಲ ಆಗುತ್ತದೆ, ಹಾವೇರಿಯವರಿಗೆ ಇನ್ನೂ ಹೆಚ್ಚು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಬಹುತೇಕರು ಕಡೆಗಣಿಸುತ್ತಾರೆ. ಇಂದಿನ ವಿಂಡೋಸ್ ಯಂತ್ರಗಳಲ್ಲಿ ಎಸ್‌ಎಸ್‌ಡಿಯ ಮಾಹಿತಿ ಬಿಟ್‌ಲಾಕರ್‌ನಿಂದ ಗೂಢಲಿಪಿಯಾಗಿರಬಹುದು, ಅದರ ಬೀಗದ ಗುಟ್ಟು ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುತ್ತದೆ. ಮದರ್‌ಬೋರ್ಡ್ ಬದಲಿಸಿದ ಮೇಲೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಎಸ್‌ಎಸ್‌ಡಿ ಸುಸ್ಥಿತಿಯಲ್ಲಿದ್ದರೂ ಕಕ್ಷಿದಾರರ ಕಡತಗಳು ತೆರೆಯುವುದಿಲ್ಲ. ಕೊಂಡ ದಿನವೇ ಆ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಡುವುದು ಒಳ್ಳೆಯದು. ಎಸ್‌ಎಸ್‌ಡಿಯೇ ಕೆಟ್ಟರೆ ಹಳೆಯದನ್ನು ಗ್ರಾಹಕರಿಗೇ ಬಿಟ್ಟುಕೊಡುವ ಸೌಲಭ್ಯವೂ ಕಚೇರಿ ಸರಣಿಗಳಿಗೆ ಸಿಗುತ್ತದೆ. ವಕೀಲರು ಮತ್ತು ಲೆಕ್ಕಪರಿಶೋಧಕರು ಅದನ್ನು ಕೇಳಿ ಪಡೆಯಬೇಕು.

ಬಜೆಟ್ ಸಾಲದವರು ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಕಚೇರಿ ಸರಣಿಯ ಯಂತ್ರಗಳತ್ತ ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಒಪ್ಪುವ ಇಂಟೆಲ್ ಎಂಟನೆಯ ಪೀಳಿಗೆ ಅಥವಾ ಅದಕ್ಕೂ ಹೊಸತೇ ಆಗಬೇಕು. ಆನ್ ಮಾಡುವಾಗ ವಿಂಡೋಸ್ ತೆರೆಯುವ ಮೊದಲೇ ಬಯೋಸ್ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ. ಹಿಂದಿನ ಕಂಪನಿಯ ಹಿಡಿತ ಬಿಟ್ಟಿಲ್ಲವೆಂದೇ ಅರ್ಥ. ವಿಂಡೋಸ್ ತಾನೇ ತಯಾರಿಸುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡನ್ನೂ ಹೋಲಿಸಿ, ಶೇಕಡ 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಿ.

ಕೊನೆಗೆ ಬಿಲ್ಲು. ಲ್ಯಾಪ್‌ಟಾಪಿಗೆ ಶೇಕಡ 18 ಜಿಎಸ್‌ಟಿ ಇದೆ. 80,000 ರೂಪಾಯಿಯ ಯಂತ್ರಕ್ಕೆ 14,400 ಸೇರಿ 94,400 ಆಗುತ್ತದೆ. ನಿಯತ ನೋಂದಣಿಯಿರುವ ವ್ಯಾಪಾರಿಗಳು ವ್ಯವಹಾರದ ಬಳಕೆಗೆ ಕೊಂಡರೆ ಈ 14,400ನ್ನು ಇನ್‌ಪುಟ್ ತೆರಿಗೆಯಾಗಿ ಹಿಂಪಡೆಯಬಹುದು, ಆದರೆ ಬಿಲ್ಲಿನ ಮೇಲೆ ಅವರ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಗಳಿಗೂ ನೋಂದಣಿಯಿಲ್ಲದ ವಕೀಲರಿಗೂ ಈ ಲಾಭವಿಲ್ಲ. ಅವರಿಗೆ ನಿಜವಾದ ಬೆಲೆ 94,400ವೇ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40 ಸವಕಳಿ ಸಿಗುತ್ತದೆ, ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಿಂಪಡೆದ ಜಿಎಸ್‌ಟಿ ಮೊತ್ತದ ಮೇಲೆ ಮತ್ತೆ ಸವಕಳಿ ತೋರಿಸುವಂತಿಲ್ಲ. ಯಂತ್ರದ ಸೀರಿಯಲ್ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಂಡು, ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಆರಂಭವಾಗಿದೆ ಎಂದು ಅದೇ ವಾರ ನೋಡಿ. ಗೋದಾಮಿನಲ್ಲಿ ಕೆಲವು ತಿಂಗಳು ಕೂತ ಯಂತ್ರದ ವಾರಂಟಿ ಕಾರ್ಖಾನೆ ಬಿಟ್ಟ ದಿನದಿಂದಲೇ ಓಡುತ್ತಿದ್ದರೆ, ಖರೀದಿಯ ಬಿಲ್ಲು ಕಳಿಸಿ ಆ ದಿನಾಂಕವನ್ನು ತಿದ್ದಿಸಿಕೊಳ್ಳಿ.